ಕುಕ್ಕರಗಾಲು: ಕೀಲು ಹೇಳುವುದೇನು, ಹೇಳದಿರುವುದೇನು

ಎರಡೂ ಪಾದಗಳನ್ನು ನೆಲಕ್ಕೂರಿ, ಮಂಡಿಗಳನ್ನು ಪೂರ್ತಿ ಮಡಿಸಿ, ಪೃಷ್ಠವನ್ನು ನೆಲಕ್ಕೆ ತಾಗಿಸದೆ ಹಿಮ್ಮಡಿಯ ಹತ್ತಿರಕ್ಕೆ ಇಳಿಸಿ ಕೂರುವ ಭಂಗಿಗೆ ಕುಕ್ಕರಗಾಲು ಎಂದು ಹೆಸರು. ಹಸುವಿನ ಹಾಲು ಕರೆಯುವಾಗ, ಹೊಲದಲ್ಲಿ ಕಳೆ ಕೀಳುವಾಗ, ಅಂಗಳದಲ್ಲಿ ರಂಗೋಲಿ ಇಡುವಾಗ, ಸೌದೆ ಒಲೆಯ ಮುಂದೆ ಬೆಂಕಿ ಊದುವಾಗ ದೇಹ ತಾನಾಗಿ ಈ ಭಂಗಿಗೆ ಇಳಿಯುತ್ತದೆ. ಗರಡಿಮನೆಯ ಬಸ್ಕಿ ಇದೇ ಭಂಗಿಗೆ ಇಳಿದು ಏಳುವ ಕಸರತ್ತು. ಗಣಪತಿಯ ಮುಂದೆ ಕಿವಿ ಹಿಡಿದು ಹಾಕುವ ಬಸ್ಕಿಯಲ್ಲಿ ಅದೇ ಚಲನೆ ಭಕ್ತಿಯ ರೂಪ ಪಡೆಯುತ್ತದೆ. ಪಾದದ ಕೀಲು, ಮಂಡಿ ಮತ್ತು ಸೊಂಟದ ಕೀಲು, ಈ ಮೂರೂ ಒಟ್ಟಿಗೆ ತಮ್ಮ ಬಾಗುವ ಮಿತಿಯ ಸಮೀಪಕ್ಕೆ ಹೋಗುವ ದಿನನಿತ್ಯದ ಭಂಗಿಗಳು ಹೆಚ್ಚಿಲ್ಲ. ಅದಕ್ಕಾಗಿಯೇ ಒಬ್ಬರು ಕುಕ್ಕರಗಾಲಲ್ಲಿ ಕೂರುವ ಬಗೆಯನ್ನು ನೋಡಿ ಅವರ ಕೀಲುಗಳ ಸ್ಥಿತಿಯನ್ನು ಅಳೆಯುವ ಕ್ರಮ ಅಂಗಸಾಧನೆಯಲ್ಲೂ ಫಿಸಿಯೋಥೆರಪಿಯಲ್ಲೂ ಬಳಕೆಯಲ್ಲಿದೆ.

ಈ ಅಳತೆಯ ಹಿಂದೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದಿದೆ. ಹೊರಗೆ ಕಾಣುವ ಆಕಾರದಿಂದ ಒಳಗಿನ ಸ್ಥಿತಿಯನ್ನು ಎಲ್ಲಿಯವರೆಗೆ ತಿಳಿಯಬಹುದು? ಕೀಲಿನ ಬಗ್ಗೆ ಸಾಕ್ಷಿ ಹೇಳುವ ಭಂಗಿ ಆ ಮನುಷ್ಯನ ಶಿಸ್ತು, ಸಾಧನೆ, ಯೋಗ್ಯತೆಗಳ ಬಗ್ಗೆಯೂ ಸಾಕ್ಷಿ ಹೇಳಬಲ್ಲದೆ? ಭಾರತದ ಧರ್ಮಪರಂಪರೆಗಳು ಕುಕ್ಕರಗಾಲನ್ನು ತಪಸ್ಸಿಗೂ ವಿನಯಕ್ಕೂ ಬಳಸಿಕೊಂಡವು. ದೇಹದ ಸಾಮರ್ಥ್ಯದಿಂದ ಆತ್ಮದ ಸಾಮರ್ಥ್ಯವನ್ನು ಅಳೆಯಬಹುದೇ ಎಂಬ ವಾದವನ್ನೂ ಅವು ಗಂಭೀರವಾಗಿ ನಡೆಸಿದವು. ಅಂಗರಚನೆಯ ವಿವರ ಮತ್ತು ಈ ವಾದಗಳನ್ನು ಒಟ್ಟಿಗೆ ನೋಡಿದಾಗ ಭಂಗಿಯ ಸಾಕ್ಷ್ಯ ಎಲ್ಲಿ ಮುಗಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಮೂರು ಕೀಲುಗಳು

ನಿಂತ ದೇಹ ಕೆಳಗಿಳಿಯುವಾಗ ಅದರ ಭಾರ ಪಾದದ ಉದ್ದದೊಳಗೇ ಬೀಳಬೇಕು. ಪೃಷ್ಠ ಹಿಂದೆ ಸರಿದು ಇಳಿದಷ್ಟೂ ಭಾರ ಹಿಮ್ಮಡಿಯಿಂದಾಚೆಗೆ ಜಾರುತ್ತದೆ. ಅದನ್ನು ಮುಂದಕ್ಕೆ ತರಬೇಕಾದರೆ ಕಣಕಾಲು ಮುಂದಕ್ಕೆ ವಾಲಬೇಕು, ಬೆನ್ನು ಮುಂದಕ್ಕೆ ಬಾಗಬೇಕು, ಇಲ್ಲವೇ ಕೈಗಳನ್ನು ಮುಂದೆ ಚಾಚಬೇಕು. ಒಂದು ಕೀಲು ತನ್ನ ಪಾಲಿನಷ್ಟು ಬಾಗದಿದ್ದರೆ ಆ ಕೊರತೆಯನ್ನು ಉಳಿದವು ತುಂಬಿಕೊಡುತ್ತವೆ. ತುಂಬಿಕೊಡಲು ಸಾಧ್ಯವಾಗದಿದ್ದಾಗ ಹಿಮ್ಮಡಿ ನೆಲ ಬಿಡುತ್ತದೆ, ಇಲ್ಲವೇ ದೇಹ ಹಿಂದಕ್ಕೆ ಉರುಳುತ್ತದೆ.

ಮೊದಲನೆಯದು ಪಾದದ ಕೀಲು. ಹಿಮ್ಮಡಿ ನೆಲಕ್ಕೇ ಅಂಟಿಕೊಂಡಿರುವಂತೆ ಪೂರ್ತಿ ಇಳಿಯಲು ಕಣಕಾಲು ಸಾಮಾನ್ಯವಾಗಿ 35ರಿಂದ 40 ಡಿಗ್ರಿಯಷ್ಟು ಮುಂದಕ್ಕೆ ವಾಲಬೇಕಾಗುತ್ತದೆ. ಸಮತಟ್ಟಾದ ನೆಲದ ಮೇಲಿನ ನಡಿಗೆಗೆ ಇದರ ಅರ್ಧದಷ್ಟು ಬಾಗುವಿಕೆಯೂ ಬೇಕಿಲ್ಲ. ಹಾಗಾಗಿ ಕುರ್ಚಿಯ ಮೇಲೆಯೇ ಬದುಕು ಸಾಗಿಸುವವರಲ್ಲಿ ಪಾದದ ಕೀಲು ಬಿಗಿಯುವುದು ಸಾಮಾನ್ಯ, ಮತ್ತು ಆ ಬಿಗಿತ ಅವರ ಗಮನಕ್ಕೆ ಬರುವುದೇ ಇಲ್ಲ. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಮೇಲಿನ ಗ್ಯಾಸ್ಟ್ರೊಕ್ನೀಮಿಯಸ್ ಮಂಡಿಯ ಮೇಲುಭಾಗದಿಂದ ಹೊರಡುವುದರಿಂದ ಮಂಡಿ ಮಡಿಸಿದಾಗ ಸಡಿಲವಾಗುತ್ತದೆ. ಒಳಗಿನ ಸೋಲಿಯಸ್ ಮಂಡಿಯ ಕೆಳಗಿನಿಂದ ಹೊರಡುತ್ತದೆ, ಅದಕ್ಕೆ ಆ ಬಿಡುಗಡೆಯಿಲ್ಲ. ಆಳವಾಗಿ ಇಳಿದಾಗ ಹೆಚ್ಚಾಗಿ ಅಡ್ಡಿ ಮಾಡುವುದು ಈ ಸೋಲಿಯಸ್ ಅಥವಾ ಕೀಲಿನ ಹಿಂಬದಿಯ ಬಿಗಿದ ಹೊದಿಕೆ. ಕೆಲವರಲ್ಲಿ ಕೀಲಿನ ಮುಂಭಾಗದಲ್ಲಿ ಮೂಳೆಗೆ ಮೂಳೆ ತಾಗಿಯೇ ಚಲನೆ ನಿಲ್ಲುತ್ತದೆ.

ಎರಡನೆಯದು ಮಂಡಿ. ನಡೆಯುವಾಗ ಅದು ಸುಮಾರು 60 ಡಿಗ್ರಿ, ಕುರ್ಚಿಯಿಂದ ಏಳುವಾಗ 90 ಡಿಗ್ರಿಯ ಆಸುಪಾಸು ಬಾಗುತ್ತದೆ. ಕುಕ್ಕರಗಾಲಿಗೆ 130 ಡಿಗ್ರಿಗೂ ಹೆಚ್ಚು ಬೇಕು, ಪೂರ್ತಿ ಇಳಿದವರಲ್ಲಿ ಅದು 150ನ್ನೂ ದಾಟುತ್ತದೆ. ತೊಡೆಯ ಹಿಂಭಾಗ ಮೀನಖಂಡಕ್ಕೆ ಒತ್ತಿ ನಿಂತಾಗ ಸ್ವಲ್ಪ ಭಾರ ಆ ಮಾಂಸಲ ಭಾಗಕ್ಕೆ ವರ್ಗವಾಗಿ ಮಂಡಿಯೊಳಗಿನ ಒತ್ತಡ ತುಸು ತಗ್ಗುತ್ತದೆ. ಮೂರನೆಯದು ಸೊಂಟದ ಕೀಲು. ತೊಡೆಮೂಳೆಯ ತಲೆ ಕೂರುವ ಬಟ್ಟಲು ಎಷ್ಟು ಆಳ, ಯಾವ ಕಡೆಗೆ ಮುಖ ಮಾಡಿದೆ, ತೊಡೆಮೂಳೆಯ ಕತ್ತು ಎಷ್ಟು ತಿರುಚಿದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಪಾದಗಳನ್ನು ಜೋಡಿಸಿಟ್ಟು ಕೂರಬಲ್ಲವರೂ ಇದ್ದಾರೆ, ಅಗಲಿಸಿ ಹೊರಕ್ಕೆ ತಿರುಗಿಸಿದರೆ ಮಾತ್ರ ಇಳಿಯಬಲ್ಲವರೂ ಇದ್ದಾರೆ. ಎರಡನೆಯವರದು ದೋಷವಲ್ಲ, ಅದು ಅವರ ಮೂಳೆಯ ರಚನೆ.

ಗುರುತಿನಿಂದ ತೀರ್ಮಾನಕ್ಕೆ

ಹಿಮ್ಮಡಿ ಏಳುವುದು, ಪಾದ ಹೊರಕ್ಕೆ ತಿರುಗುವುದು, ಮಂಡಿಗಳು ಒಳಕ್ಕೆ ಕುಸಿಯುವುದು, ಬೆನ್ನು ಅತಿಯಾಗಿ ಬಾಗುವುದು, ತೀರ ಕೆಳಗಿಳಿದಾಗ ಸೊಂಟ ಒಳಕ್ಕೆ ಮಡಚಿಕೊಳ್ಳುವುದು: ಇವು ನೋಡುವವರಿಗೆ ಸಿಗುವ ಗುರುತುಗಳು. ನ್ಯಾಯದರ್ಶನದ ಪರಿಭಾಷೆಯಲ್ಲಿ ಇವು ಹೇತುಗಳು, ಅಂದರೆ ಆಧಾರಗಳು; ಕೀಲಿನ ಬಿಗಿತ ‘ಸಾಧ್ಯ’, ಅಂದರೆ ಸಾಧಿಸಿ ತೋರಿಸಬೇಕಾದದ್ದು. ಹೇತುವಿನಿಂದ ಸಾಧ್ಯಕ್ಕೆ ಹೋಗಬೇಕಾದರೆ ಅವೆರಡರ ನಡುವೆ ತಪ್ಪದ ಸಂಬಂಧ, ಅಂದರೆ ವ್ಯಾಪ್ತಿ, ಇರಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬುದು ನಿಲ್ಲುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದು ನಿಲ್ಲುವುದಿಲ್ಲ, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ಬದಿಯಲ್ಲಿ ನಿಂತು ಫಲವನ್ನು ಬದಲಿಸುವ ಷರತ್ತನ್ನು ನೈಯಾಯಿಕರು ಉಪಾಧಿ ಎನ್ನುತ್ತಾರೆ.

ಹಿಮ್ಮಡಿ ಎದ್ದದ್ದರಿಂದ ಪಾದದ ಕೀಲು ಬಿಗಿದಿದೆ ಎಂದು ಹೇಳುವವರು ಇಂಥ ಉಪಾಧಿಗಳನ್ನು ನೋಡಬೇಕಾಗುತ್ತದೆ. ತೊಡೆ ಉದ್ದವಾಗಿ ಮುಂಡ ಗಿಡ್ಡವಾಗಿರುವವರಿಗೆ ಭಾರ ಸರಿದೂಗಿಸಲು ಪಾದದ ಕೀಲು ಇತರರಿಗಿಂತ ಹೆಚ್ಚು ಬಾಗಬೇಕು. ಅವರ ಹಿಮ್ಮಡಿ ಎದ್ದರೂ ಕೀಲು ಸರಿಯಾಗಿಯೇ ಇರಬಹುದು. ತೊಡೆಯ ಬಲ ಸಾಲದವರು, ಬೀಳುವ ಭಯವಿರುವವರು, ಮಂಡಿನೋವಿರುವವರು, ಹೊಟ್ಟೆ ದಪ್ಪಗಿರುವವರು ಬೇರೆ ಬೇರೆ ಕಾರಣಗಳಿಂದ ಅದೇ ಆಕಾರವನ್ನು ತೋರಿಸುತ್ತಾರೆ. ಒಂದೇ ಗುರುತಿಗೆ ಹಲವು ಕಾರಣಗಳಿರುವಾಗ ಗುರುತೊಂದೇ ಪ್ರಮಾಣವಾಗದು. ಸಾಧ್ಯವಿಲ್ಲದೆಡೆಯೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ನ್ಯಾಯಶಾಸ್ತ್ರ ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ, ಅಂದರೆ ಹುಸಿ ಹೇತುಗಳ, ಸಾಲಿಗೆ ಸೇರಿಸುತ್ತದೆ.

ಈ ತೊಡಕನ್ನು ಬಿಡಿಸುವ ದಾರಿಯೂ ಇದೆ. ಒಂದೊಂದೇ ಕಾರಣವನ್ನು ತೆಗೆದು ನೋಡುವುದೇ ಆ ದಾರಿ. ಹಿಮ್ಮಡಿಯ ಕೆಳಗೆ ಎರಡು ಬೆರಳಿನಷ್ಟು ದಪ್ಪದ ಹಲಗೆ ಇಟ್ಟಾಗ ಭಂಗಿ ಸಲೀಸಾದರೆ ತಡೆ ಪಾದದ ಕೀಲಿನಲ್ಲಿರುವ ಸಾಧ್ಯತೆ ಹೆಚ್ಚು. ಕಂಬವನ್ನೋ ಬಾಗಿಲ ಚೌಕಟ್ಟನ್ನೋ ಹಿಡಿದಾಗ ಸಲೀಸಾದರೆ ಕೊರತೆ ಸಮತೋಲದ್ದು ಇಲ್ಲವೇ ಬಲದ್ದು ಇರಬಹುದು. ಅಂಗಾತ ಮಲಗಿ ಎರಡೂ ಮಂಡಿಗಳನ್ನು ಎದೆಗೆ ತಬ್ಬಿಕೊಂಡರೆ ದೇಹ ಕುಕ್ಕರಗಾಲಿನದೇ ಆಕಾರ ಪಡೆಯುತ್ತದೆ, ಆದರೆ ಅಲ್ಲಿ ಭಾರ ಹೊರುವ ಕೆಲಸವಿಲ್ಲ. ಮಲಗಿದಾಗ ಆಗುವುದು ನಿಂತು ಇಳಿದಾಗ ಆಗದಿದ್ದರೆ ಸೊಂಟ ಮತ್ತು ಮಂಡಿಗಳಿಗೆ ಬಾಗುವ ಶಕ್ತಿ ಇದೆ ಎಂದಾಯಿತು. ಗೋಡೆಯ ಮುಂದೆ ಒಂದು ಪಾದವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳಿಗೂ ಗೋಡೆಗೂ ನಡುವಿನ ಅಂತರ ಅಳೆದರೆ ಪಾದದ ಕೀಲಿನ ಚಲನೆ ನೇರವಾಗಿ ತಿಳಿಯುತ್ತದೆ. ಎಡಬಲಗಳ ವ್ಯತ್ಯಾಸವೂ ಸಿಗುತ್ತದೆ. ಕಾರಣವಿದ್ದಾಗ ಕಾರ್ಯವಿದೆ, ಕಾರಣ ತೆಗೆದಾಗ ಕಾರ್ಯವಿಲ್ಲ ಎಂದು ತೋರಿಸುವ ಈ ವಿಧಾನ ಅನ್ವಯ ವ್ಯತಿರೇಕಗಳ ಪರೀಕ್ಷೆಯೇ ಸರಿ.

ಭಂಗಿ ಸುಂದರವಾಗಿ ಕೂಡಿಬಂದಾಗಲೂ ಇದೇ ಎಚ್ಚರ ಬೇಕು. ನಿರಾಯಾಸವಾಗಿ ಕುಕ್ಕರಗಾಲಲ್ಲಿ ಕೂತವರ ಮೂರು ಕೀಲುಗಳೂ ಆ ಹೊತ್ತಿಗೆ ಅಷ್ಟು ಬಾಗುತ್ತವೆ ಎಂಬುದು ಸಿದ್ಧ. ಕೀಲಿನೊಳಗಿನ ಮೆದುಮೂಳೆ ಆರೋಗ್ಯವಾಗಿದೆ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಸೊಂಟದ ಕೀಲು ಒಳಕ್ಕೂ ಹೊರಕ್ಕೂ ಚೆನ್ನಾಗಿ ತಿರುಗುತ್ತದೆ ಎಂದಾಗಲಿ, ಎದ್ದೇಳುವ ಬಲವಿದೆ ಎಂದಾಗಲಿ ಹೇಳುವಂತಿಲ್ಲ. ಹುಟ್ಟಿನಿಂದಲೇ ಕೀಲುಗಳು ಅತಿ ಸಡಿಲವಾಗಿರುವವರು ಯಾವ ಕಷ್ಟವೂ ಇಲ್ಲದೆ ಇಳಿಯುತ್ತಾರೆ. ಅವರಿಗೆ ಬೇಕಾದದ್ದು ಇನ್ನಷ್ಟು ಬಾಗುವಿಕೆಯಲ್ಲ, ಹಿಡಿತ.

ಮೂಳೆಯಲ್ಲಿ ಉಳಿಯುವ ರೂಢಿ

ಭಂಗಿಯಿಂದ ಕೀಲನ್ನು ಓದುವಂತೆ ಮೂಳೆಯಿಂದ ಭಂಗಿಯನ್ನು ಓದುವ ಪ್ರಯತ್ನವೂ ನಡೆದಿದೆ. ಪಾದದ ಕೀಲು ಅತಿಯಾಗಿ ಬಾಗಿದಾಗ ಕಣಕಾಲಿನ ಮುಖ್ಯ ಮೂಳೆಯ ಕೆಳಗಿನ ಮುಂದಂಚು ಅದರ ಕೆಳಗೆ ಪಾದದಲ್ಲಿರುವ ಟಾಲಸ್ ಮೂಳೆಯ ಕತ್ತಿಗೆ ತಾಗುತ್ತದೆ. ಮತ್ತೆ ಮತ್ತೆ ತಾಗಿದ ಜಾಗದಲ್ಲಿ ನುಣುಪಾದ ಸಣ್ಣ ಗುರುತು ಮೂಡಬಹುದು. 1889ರಲ್ಲಿ ಆರ್ಥರ್ ಥಾಮ್ಸನ್ ಭಂಗಿಗೂ ಈ ಮೂಳೆಗಳ ಆಕಾರಕ್ಕೂ ಇರುವ ಸಂಬಂಧವನ್ನು ಚರ್ಚಿಸಿದರು. 1893ರಲ್ಲಿ ಲಾಹೋರಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಪಂಜಾಬಿಗಳ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ನೆಲದ ಮೇಲೆ ಕೂರುವ ರೂಢಿಯನ್ನು ಆ ಮೂಳೆಗಳಲ್ಲಿ ಗುರುತಿಸಿದರು. ಮರುವರ್ಷದ ಲೇಖನದಲ್ಲಿ ಅವರು ಇನ್ನೂ ದೊಡ್ಡ ಪ್ರಶ್ನೆ ಎತ್ತಿದರು: ಒಂದು ತಲೆಮಾರು ರೂಢಿಯಿಂದ ಗಳಿಸಿದ ಲಕ್ಷಣ ಮುಂದಿನ ತಲೆಮಾರಿಗೆ ಹುಟ್ಟಿನಿಂದಲೇ ಬರುತ್ತದೆಯೆ? ಜೀವಶಾಸ್ತ್ರದಲ್ಲಿ ಬಿಸಿಯಾಗಿ ನಡೆಯುತ್ತಿದ್ದ ವಾದವೊಂದಕ್ಕೆ ಪಂಜಾಬಿಗಳ ಕಾಲುಮೂಳೆ ಹೀಗೆ ಸಾಕ್ಷಿಯಾಯಿತು.

ಆದರೆ ಆ ಸಾಕ್ಷ್ಯವೂ ಪ್ರಶ್ನಾತೀತವಾಗಿ ಉಳಿಯಲಿಲ್ಲ. 1954ರಲ್ಲಿ ಸಿ. ಎಚ್. ಬಾರ್ನೆಟ್ ಈ ಭಂಗಿಯ ರೂಢಿ ಅಷ್ಟಾಗಿಲ್ಲದ ಯುರೋಪಿಯನ್ನರ ಟಾಲಸ್ ಮೂಳೆಯಲ್ಲೂ ಕಾಣುವ ಇಂಥ ಗುರುತುಗಳ ಬಗ್ಗೆ ಬರೆದರು. 1959ರಲ್ಲಿ ಇಂದರ್‌ಬೀರ್ ಸಿಂಗ್ ಭಾರತೀಯರ ಮೂಳೆಗಳನ್ನು ವಿವರವಾಗಿ ಪರಿಶೀಲಿಸಿದರು. ಗುರುತು ಕಂಡೊಡನೆ ಆ ಮನುಷ್ಯ ಕುಕ್ಕರಗಾಲಲ್ಲೇ ಕೂರುತ್ತಿದ್ದ ಎಂದು ನಿಶ್ಚಯಿಸುವುದನ್ನು ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಏರುದಾರಿಯ ನಡಿಗೆಯಂಥ ಬೇರೆ ಚಟುವಟಿಕೆಗಳಲ್ಲೂ ಪಾದದ ಕೀಲು ಹೆಚ್ಚು ಬಾಗುತ್ತದೆ. ಉಪಾಧಿಯ ಪ್ರಶ್ನೆ ಮೂಳೆಯ ಮಟ್ಟದಲ್ಲೂ ಬಿಡುವುದಿಲ್ಲ.

ಬಾಗುವ ಶಕ್ತಿ ಜನಾಂಗದ ಗುಣವಲ್ಲ, ರೂಢಿಯ ಫಲ ಎಂಬುದಕ್ಕೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1934ರಲ್ಲಿ ಒಳ್ಳೆಯ ನಿದರ್ಶನ ಕೊಟ್ಟರು. ದೇಹದ ತಂತ್ರಗಳ ಕುರಿತ ಉಪನ್ಯಾಸದಲ್ಲಿ ಅವರು ಮೊದಲ ಮಹಾಯುದ್ಧದ ಅನುಭವ ನೆನೆದರು. ಕೆಸರಿನಲ್ಲಿ ತುಕಡಿ ನಿಂತಾಗ ಬಿಳಿಯ ಆಸ್ಟ್ರೇಲಿಯನ್ ಸೈನಿಕರು ಹಿಮ್ಮಡಿಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಮೋಸ್ ಅವರಿಗೆ ಅದು ಬಾರದೆ ನೀರಿನಲ್ಲಿ ನಿಂತೇ ಇರಬೇಕಾಯಿತು. ಇಬ್ಬರದೂ ಯುರೋಪಿನ ವಂಶವೇ, ವ್ಯತ್ಯಾಸ ಬಂದದ್ದು ಬೆಳೆದ ಬಗೆಯಿಂದ. ಮಕ್ಕಳೆಲ್ಲ ಸಹಜವಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಅದನ್ನು ಅವರಿಂದ ಕಸಿಯುವುದು ತಪ್ಪು ಎಂದು ಮೋಸ್ ಸ್ಪಷ್ಟವಾಗಿ ಹೇಳಿದರು. 1955ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಗಾರ್ಡನ್ ಹ್ಯೂಸ್ ಜಗತ್ತಿನ ಭಂಗಿಗಳನ್ನು ಭೂಪಟದ ಮೇಲೆ ಗುರುತಿಸುತ್ತ, ಮಾನವಕುಲದ ಕಾಲುಭಾಗದಷ್ಟಾದರೂ ಜನ ಕುಕ್ಕರಗಾಲನ್ನು ರೂಢಿಯಾಗಿ ಬಳಸುತ್ತಾರೆ ಎಂದು ಅಂದಾಜು ಮಾಡಿದರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಾಂಜಾನಿಯದ ಹಾಡ್ಜಾ ಬೇಟೆಗಾರರು ದಿನಕ್ಕೆ ಸುಮಾರು 10 ಗಂಟೆ ವಿಶ್ರಾಂತಿಯಲ್ಲೇ ಕಳೆಯುವುದನ್ನು ದಾಖಲಿಸಿತು. ಆ ವಿಶ್ರಾಂತಿಯ ಒಂದು ಪಾಲು ಕುಕ್ಕರಗಾಲಲ್ಲೂ ಮಂಡಿಯೂರಿಯೂ ಕಳೆಯುವುದರಿಂದ ಅವರ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿ ಕೂತವರ ಸ್ನಾಯುಗಳಂತೆ ಪೂರ್ತಿ ನಿಷ್ಕ್ರಿಯವಾಗಿರುವುದಿಲ್ಲ.

ರೂಢಿಯ ಹಿಂದೆ ಸಮಾಜದ ವ್ಯವಸ್ಥೆಯೂ ಇದೆ. ನಮ್ಮ ಹಳ್ಳಿಗಳಲ್ಲಿ ಒಡೆಯ ಕುರ್ಚಿಯ ಮೇಲೆ, ಆಳು ಅಂಗಳದಲ್ಲಿ ಕುಕ್ಕರಗಾಲಲ್ಲಿ ಎಂಬ ಕಾಲವಿತ್ತು. ಅಲ್ಲಿ ಆಳಿನ ಕೀಲುಗಳು ಉಳಿಸಿಕೊಂಡ ಚಲನೆ ಅವನ ಆಯ್ಕೆಯಾಗಿರಲಿಲ್ಲ, ಆಸನ ಸಿಗದ ಸ್ಥಿತಿಯ ಫಲವಾಗಿತ್ತು. ಕೀಲಿನ ಸಾಮರ್ಥ್ಯವನ್ನು ಮೆಚ್ಚುವಾಗ ಅದು ಬಂದ ದಾರಿಯನ್ನು ಮರೆಯುವುದು ನ್ಯಾಯವಲ್ಲ.

ಗೋದೋಹಿಕಾಸನ ಮತ್ತು ಸಂಹನನ

ಧರ್ಮದ ಇತಿಹಾಸದಲ್ಲಿ ಕುಕ್ಕರಗಾಲಿಗೆ ಅತ್ಯುನ್ನತ ಸ್ಥಾನ ಸಿಕ್ಕಿದ್ದು ಜೈನರಲ್ಲಿ. ಶ್ವೇತಾಂಬರ ಆಗಮಗಳಾದ ಆಚಾರಾಂಗ ಮತ್ತು ಕಲ್ಪಸೂತ್ರಗಳ ಪ್ರಕಾರ, ಹನ್ನೆರಡು ವರ್ಷಗಳಿಗೂ ಮೀರಿದ ತಪಸ್ಸಿನ ಕೊನೆಯಲ್ಲಿ, ಜೃಂಭಿಕ ಗ್ರಾಮದ ಹೊರಗೆ, ನದಿಯ ದಡದ ಸಾಲವೃಕ್ಷದ ಬಳಿ ವರ್ಧಮಾನ ಮಹಾವೀರರಿಗೆ ಕೇವಲಜ್ಞಾನ ಉಂಟಾಯಿತು. ಆಗ ಅವರು ನೀರನ್ನೂ ಮುಟ್ಟದ ಉಪವಾಸದಲ್ಲಿದ್ದರು. ಅವರು ಕೂತಿದ್ದದ್ದು ಗೋದೋಹಿಕಾಸನದಲ್ಲಿ, ಅಂದರೆ ಹಾಲು ಕರೆಯುವವರು ಕೂರುವ ಭಂಗಿಯಲ್ಲಿ. ಆದರೂ ಜಿನಬಿಂಬಗಳನ್ನು ಕಡೆಯುವಾಗ ಶಿಲ್ಪಿಗಳು ಆ ಭಂಗಿಯನ್ನು ಆರಿಸಲಿಲ್ಲ. ತೀರ್ಥಂಕರರ ಮೂರ್ತಿಗಳು ಪದ್ಮಾಸನದಲ್ಲಿ ಕೂತಿರುತ್ತವೆ ಅಥವಾ ಕಾಯೋತ್ಸರ್ಗದಲ್ಲಿ ನಿಂತಿರುತ್ತವೆ. ಶ್ರವಣಬೆಳಗೊಳದ ಬಾಹುಬಲಿಯದೂ ಕಾಯೋತ್ಸರ್ಗವೇ.

ಜೈನ ಶಾಸ್ತ್ರ ಇಂಥ ಕಠಿಣ ಭಂಗಿಗಳನ್ನು ಕಾಯಕ್ಲೇಶವೆಂಬ ತಪಸ್ಸಿನಲ್ಲಿ ಸೇರಿಸುತ್ತದೆ. ತತ್ತ್ವಾರ್ಥಸೂತ್ರದ ವರ್ಗೀಕರಣದಲ್ಲಿ ತಪಸ್ಸು ಹನ್ನೆರಡು ಬಗೆ: ಆರು ಬಾಹ್ಯ, ಆರು ಆಭ್ಯಂತರ. ಕಾಯಕ್ಲೇಶ ಬಾಹ್ಯ ತಪಸ್ಸು. ರೋಗಿಗಳಾದ, ದುರ್ಬಲರಾದ ಮುನಿಗಳ ಸೇವೆ ಮಾಡುವ ವೈಯಾವೃತ್ತ್ಯ ಆಭ್ಯಂತರ ತಪಸ್ಸು. ಎಂದರೆ ತಾನು ಕಷ್ಟದ ಭಂಗಿಯಲ್ಲಿ ಕೂರುವುದು ಹೊರಗಿನ ಸಾಧನೆ, ಕೂರಲಾಗದವರಿಗೆ ಕೈಯಾಸರೆ ಕೊಡುವುದು ಒಳಗಿನ ಸಾಧನೆ.

ಕೀಲಿಗೂ ಮುಕ್ತಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ಜೈನರಷ್ಟು ನೇರವಾಗಿ ಕೇಳಿದವರು ವಿರಳ. ಅವರ ಕರ್ಮಸಿದ್ಧಾಂತದಲ್ಲಿ ಸಂಹನನ ಎಂಬುದು ದೇಹದ ರಚನೆಯನ್ನು ನಿರ್ಧರಿಸುವ ನಾಮಕರ್ಮದ ಒಂದು ಭೇದ. ಮೂಳೆ ಮತ್ತು ಸಂದುಗಳ ಬಂಧ ಎಷ್ಟು ದೃಢವೆಂಬುದನ್ನು ಅದು ನಿರ್ಧರಿಸುತ್ತದೆ. ಸಂಹನನಗಳು ಆರು, ಅವುಗಳಲ್ಲಿ ವಜ್ರವೃಷಭನಾರಾಚ ಅತಿ ದೃಢ. ಉತ್ತಮ ಸಂಹನನವುಳ್ಳವರಿಗೇ ಉನ್ನತ ಧ್ಯಾನ ಸಾಧ್ಯವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮೇಲ್ನೋಟಕ್ಕೆ ಇಲ್ಲಿ ದೇಹದ ಗಟ್ಟಿತನವೇ ಆತ್ಮದ ಯೋಗ್ಯತೆಯಾದಂತೆ ಕಾಣುತ್ತದೆ. ಆದರೆ ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ರಚಿಸಿದ ಗೊಮ್ಮಟಸಾರ ಇನ್ನೊಂದು ಮಾತನ್ನೂ ದಾಖಲಿಸುತ್ತದೆ: ಏಳನೆಯ ನರಕಕ್ಕೆ ಬೀಳುವುದೂ ಆ ಅತಿ ದೃಢ ಸಂಹನನವುಳ್ಳವರಿಗೇ ಸಾಧ್ಯ. ಮೋಕ್ಷಕ್ಕೆ ಬೇಕಾದ ದೇಹವೇ ಘೋರ ಪತನಕ್ಕೂ ಬೇಕು. ಹೀಗಾಗಿ ಕೀಲಿನ ದೃಢತೆ ಒಂದು ಅನುಕೂಲವಷ್ಟೇ ಆಯಿತು, ಪುಣ್ಯದ ಗುರುತಾಗಲಿಲ್ಲ.

ಈ ವಾದ ಸ್ತ್ರೀಮುಕ್ತಿಯ ಚರ್ಚೆಯಲ್ಲಿ ಹರಿತಗೊಂಡಿತು. ಸ್ತ್ರೀಯರಿಗೆ ಅತ್ಯುತ್ತಮ ಸಂಹನನವಿಲ್ಲ, ಅವರು ಏಳನೆಯ ನರಕಕ್ಕೆ ಹೋಗಲಾರರು, ಆದ್ದರಿಂದ ಅದೇ ದೇಹದಲ್ಲಿ ಮೋಕ್ಷವನ್ನೂ ಪಡೆಯಲಾರರು ಎಂದು ದಿಗಂಬರ ಪಂಡಿತರು ವಾದಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದ, ಜೈನರಲ್ಲೇ ಇನ್ನೊಂದು ಪಂಥವಾದ ಯಾಪನೀಯದ ಆಚಾರ್ಯ, ವೈಯಾಕರಣ ಶಾಕಟಾಯನ ಅದನ್ನು ಒಪ್ಪಲಿಲ್ಲ. ಕೆಳಕ್ಕೆ ಬೀಳುವ ಸಾಮರ್ಥ್ಯಕ್ಕೂ ಮೇಲಕ್ಕೇರುವ ಸಾಮರ್ಥ್ಯಕ್ಕೂ ತಪ್ಪದ ವ್ಯಾಪ್ತಿಯಿಲ್ಲ, ಒಂದರ ಅಭಾವದಿಂದ ಇನ್ನೊಂದರ ಅಭಾವವನ್ನು ಸಾಧಿಸಲಾಗದು ಎಂಬುದು ಅವರ ಉತ್ತರ. ದೇಹದ ಒಂದು ಮಿತಿಯನ್ನು ತೋರಿಸಿ ಮನುಷ್ಯರ ಒಂದು ವರ್ಗವನ್ನೇ ಪರಮಪುರುಷಾರ್ಥದಿಂದ ಹೊರಗಿಡುವ ತರ್ಕಕ್ಕೆ ಕನ್ನಡನಾಡಿನ ವಿದ್ವತ್ತು ಸಾವಿರ ವರ್ಷಗಳ ಹಿಂದೆಯೇ ಕೊಟ್ಟ ಈ ಉತ್ತರ ಇಂದಿಗೂ ಸಲ್ಲುತ್ತದೆ.

ಬೌದ್ಧ ಸಂಘದ ತಿದ್ದುಪಡಿ

ಬುದ್ಧ ತನ್ನ ಸಾಧನೆಯ ದಿನಗಳ ಉಗ್ರ ತಪಸ್ಸನ್ನು ವಿವರಿಸುವಾಗ ಕುಕ್ಕರಗಾಲಲ್ಲೇ ಇದ್ದು ಮಾಡುವ ತಪವನ್ನೂ ಹೆಸರಿಸುತ್ತಾನೆ. ಅದನ್ನು ಮಾಡಿ ನೋಡಿಯೇ ಆತ ಕೈಬಿಟ್ಟ. ಆಸೆ ಸಂಶಯಗಳನ್ನು ದಾಟದವನನ್ನು ಅಂಥ ಭಂಗಿ ಶುದ್ಧಿಗೊಳಿಸದು ಎಂಬುದು ಬೌದ್ಧರ ನಿಲುವು. ಆದರೂ ವಿನಯದ ಆಚರಣೆಗಳಲ್ಲಿ ಈ ಭಂಗಿ ಉಳಿದುಕೊಂಡಿತು. ಉಪಸಂಪದೆ, ಅಂದರೆ ಭಿಕ್ಷುದೀಕ್ಷೆ, ಕೇಳುವವನು, ತಪ್ಪು ಒಪ್ಪಿಕೊಳ್ಳುವವನು ಸಂಘದ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿಯುತ್ತಾನೆ.

ಮಳೆಗಾಲದ ವಾಸ ಮುಗಿದಾಗ ನಡೆಯುವ ಪವಾರಣೆಯಲ್ಲಿ ಪ್ರತಿ ಭಿಕ್ಷುವೂ ತನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ದೋಷಗಳನ್ನು ಹೇಳುವಂತೆ ಇತರರನ್ನು ಬೇಡಿಕೊಳ್ಳುತ್ತಾನೆ. ವಿನಯಪಿಟಕದ ಮಹಾವಗ್ಗ ಈ ಆಚರಣೆಯ ನಿಯಮ ಬದಲಾದ ಬಗೆಯನ್ನು ಹೇಳುತ್ತದೆ. ಹಿರಿಯ ಭಿಕ್ಷುಗಳು ಕುಕ್ಕರಗಾಲಲ್ಲಿದ್ದಾಗ ಕೆಲವರು ಆಸನಗಳ ಮೇಲೆ ಆರಾಮವಾಗಿ ಕೂತರು. ಇದು ಅಗೌರವವೆಂಬ ದೂರು ಬಂದಾಗ ಎಲ್ಲರೂ ಮುಗಿಯುವವರೆಗೆ ಕುಕ್ಕರಗಾಲಲ್ಲೇ ಇರಬೇಕೆಂಬ ನಿಯಮವಾಯಿತು. ಅದರಂತೆ ಕಾಯುತ್ತ ಕೂತ ಮುದಿ ಭಿಕ್ಷುವೊಬ್ಬ ನಿಶ್ಶಕ್ತಿಯಿಂದ ಮೂರ್ಛೆ ಹೋಗಿ ಬಿದ್ದ. ವಿಷಯ ತಿಳಿದ ಬುದ್ಧ ನಿಯಮವನ್ನು ತಿದ್ದಿದ: ತನ್ನ ಸರದಿಯ ಮಾತು ಮುಗಿಯುವವರೆಗೆ ಮಾತ್ರ ಕುಕ್ಕರಗಾಲು ಸಾಕು, ಆಮೇಲೆ ಆಸನದ ಮೇಲೆ ಕೂರಬಹುದು. ವಿನಯ ಬೇಕು, ಆದರೆ ವಿನಯದ ಅಳತೆಗೋಲು ಮಂಡಿಯಾಗಬಾರದು ಎಂಬ ವಿವೇಕ ಈ ತಿದ್ದುಪಡಿಯಲ್ಲಿದೆ. ಇಸ್ಲಾಮಿನ ಧರ್ಮಶಾಸ್ತ್ರವೂ ಇದೇ ವಿವೇಕವನ್ನು ಪಾಲಿಸುತ್ತದೆ. ನಿಂತು ನಮಾಜು ಮಾಡಲಾಗದವರು ಕೂತು, ಕೂರಲೂ ಆಗದವರು ಮಲಗಿ ಮಾಡಬಹುದು.

ಯೋಗದಲ್ಲಿ ಸ್ಥಿರತೆ ಮತ್ತು ಆಸರೆ

ಪತಂಜಲಿ ಆಸನಕ್ಕೆ ಕೊಡುವ ಲಕ್ಷಣಗಳು ಸ್ಥಿರತೆ ಮತ್ತು ಸುಖ. ಎಷ್ಟು ಡಿಗ್ರಿ ಬಾಗಬೇಕು ಎಂಬುದು ಆ ಲಕ್ಷಣದಲ್ಲಿಲ್ಲ. ವ್ಯಾಸಭಾಷ್ಯ ಪಟ್ಟಿಮಾಡುವ ಆಸನಗಳಲ್ಲಿ ಆಸರೆಯೊಡನೆ ಕೂರುವ ಸೋಪಾಶ್ರಯವೂ ತನಗೆ ಸುಖವಾದಂತೆ ಕೂರುವ ಯಥಾಸುಖವೂ ಸೇರಿವೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಉಪಾಸನೆಯನ್ನು ಕೂತು ಮಾಡಬೇಕೆನ್ನುತ್ತದೆ. ನಿಂತವನಿಗೆ ದೇಹ ಸಂಭಾಳಿಸುವ ಚಿಂತೆ, ಮಲಗಿದವನಿಗೆ ನಿದ್ದೆಯ ಭಯ ಎಂಬುದು ಅದಕ್ಕೆ ಭಾಷ್ಯಕಾರರು ಕೊಡುವ ಕಾರಣ. ಸ್ಥಳ ಕಾಲಗಳ ವಿಚಾರ ಬಂದಾಗ ಮನಸ್ಸು ಎಲ್ಲಿ ಏಕಾಗ್ರವಾಗುತ್ತದೋ ಅದೇ ತಕ್ಕದ್ದೆಂದು ಅದೇ ಪ್ರಕರಣ ತೀರ್ಮಾನಿಸುತ್ತದೆ. ಭಂಗಿ ಸಾಧನ, ಏಕಾಗ್ರತೆ ಗುರಿ ಎಂಬ ಕ್ರಮ ಇಲ್ಲಿ ಕದಲುವುದಿಲ್ಲ.

ಹಠಯೋಗದ ಗ್ರಂಥಗಳಲ್ಲಿ ಕುಕ್ಕರಗಾಲು ಉತ್ಕಟಾಸನವಾಗಿ ಬರುತ್ತದೆ. ಇಂದಿನ ತರಗತಿಗಳಲ್ಲಿ ಕುರ್ಚಿಯ ಆಕಾರದಲ್ಲಿ ನಿಲ್ಲುವ ಭಂಗಿಗೆ ಈ ಹೆಸರಿದೆ, ಹಳೆಯ ಗ್ರಂಥಗಳದು ಪೂರ್ತಿ ಇಳಿದು ಕೂರುವ ಭಂಗಿ. ಹಠಯೋಗ ಪ್ರದೀಪಿಕೆ ಕರುಳು ತೊಳೆಯುವ ಬಸ್ತಿಕ್ರಿಯೆಗಾಗಿ ಹೊಕ್ಕುಳಮಟ್ಟದ ನೀರಿನಲ್ಲಿ ಉತ್ಕಟಾಸನ ಹಾಕಲು ಹೇಳುತ್ತದೆ. ಘೇರಂಡ ಸಂಹಿತೆ ವಿವರಿಸುವ 32 ಆಸನಗಳಲ್ಲಿ ಅದೂ ಒಂದು, ಅಲ್ಲಿ ಹಿಮ್ಮಡಿ ಎತ್ತಿ ಹೆಬ್ಬೆರಳ ಮೇಲೆ ಭಾರ ಹಾಕಿ ಕೂರುವುದೇ ವಿಧಿ. ಹಿಮ್ಮಡಿ ನೆಲಕ್ಕೆ ತಾಗಲೇಬೇಕೆಂಬ ಇಂದಿನ ಮಾನದಂಡ ಸಾರ್ವತ್ರಿಕವಲ್ಲ ಎಂಬುದಕ್ಕೆ ಇದು ಸಾಕಷ್ಟು ಆಧಾರ.

ಆಸರೆಗೂ ಗೌರವದ ಸ್ಥಾನವಿದೆ. ಯೋಗನರಸಿಂಹನ ಮೂರ್ತಿಗಳಲ್ಲಿ ಮಂಡಿ ಎತ್ತಿ ಕೂತ ಸ್ವಾಮಿಯ ಕಾಲುಗಳನ್ನು ಯೋಗಪಟ್ಟ ಬಿಗಿದು ಹಿಡಿದಿರುತ್ತದೆ. 1528ರ ಹಂಪಿಯ ನರಸಿಂಹನ ಮಂಡಿಗಳಿಗೂ ಆ ಪಟ್ಟಿಯಿದೆ. ಸ್ನಾಯುವಿನ ಶ್ರಮ ತಪ್ಪಿಸಿ ಭಂಗಿಯನ್ನು ದೀರ್ಘಕಾಲ ಉಳಿಸುವ ಈ ಉಪಾಯವನ್ನು ಪರಂಪರೆ ದೇವರ ಮೈಮೇಲೆಯೇ ಕಡೆದಿಟ್ಟಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳನ್ನು ಆಸನಗಳಿಗೆ ಅಳವಡಿಸಿ, ಬಿಗಿದ ಕೀಲಿನವರೂ ವೃದ್ಧರೂ ಯೋಗಾಭ್ಯಾಸ ಮಾಡುವಂತಾಗಿಸಿದರು.

ಲಾಭ, ಅಪಾಯ ಮತ್ತು ತೀರ್ಮಾನ

ಕುಕ್ಕರಗಾಲನ್ನು ಸರ್ವರೋಗ ನಿವಾರಕವೆಂದು ಸಾರುವುದೂ ಸರಿಯಲ್ಲ. ಬೀಜಿಂಗಿನ ವೃದ್ಧರನ್ನು ಕುರಿತ 2004ರ ಅಧ್ಯಯನವೊಂದು, ಯೌವನದಲ್ಲಿ ದಿನವೂ ಹೆಚ್ಚು ಹೊತ್ತು ಈ ಭಂಗಿಯಲ್ಲಿ ಕಳೆದವರಲ್ಲಿ ಮಂಡಿಸವೆತ ಹೆಚ್ಚಾಗಿರುವುದನ್ನು ಕಂಡಿತು. ಗಂಟೆಗಟ್ಟಲೆ ಹೀಗೆ ಕೂತು ದುಡಿಯುವವರಲ್ಲಿ ಮಂಡಿಯ ಹೊರಬದಿಯ ನರ ಒತ್ತಿಹೋಗಿ ಪಾದ ಎತ್ತಲಾಗದ ತೊಂದರೆ ಬರುವುದುಂಟು. ಮಂಡಿಯ ಕೀಲು ಬದಲಿಸಿಕೊಂಡವರಿಗೆ ಈ ಭಂಗಿ ಬೇಡವೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಇನ್ನೊಂದೆಡೆ, ಬಾಗದ ಕೀಲು ಬಾಗುವುದನ್ನು ಮರೆಯುತ್ತದೆ ಎಂಬುದೂ ನಿಜ. ಸ್ವಲ್ಪ ಹೊತ್ತು, ಆಗಾಗ, ನೋವಿಲ್ಲದಷ್ಟು, ಬೇಕಾದರೆ ಹಿಮ್ಮಡಿಗೆ ಹಲಗೆ ಕೊಟ್ಟು ಅಥವಾ ಕಂಬ ಹಿಡಿದು ಮಾಡುವ ಅಭ್ಯಾಸ ಹೆಚ್ಚಿನ ಆರೋಗ್ಯವಂತರಿಗೆ ಹಿತ.

ಹೀಗೆ ಕುಕ್ಕರಗಾಲಿನ ಸಾಕ್ಷ್ಯಕ್ಕೆ ಮೂರು ಮಟ್ಟಗಳಿವೆ. ಕೀಲು ಎಷ್ಟು ಬಾಗುತ್ತದೆ ಎಂಬುದನ್ನು ಅದು ಹೇಳಬಲ್ಲದು, ಉಪಾಧಿಗಳನ್ನು ಕಳೆದು ಕೇಳಿದರೆ ಮಾತ್ರ. ಬದುಕಿನ ರೂಢಿಯನ್ನು ಅದು ಸೂಚಿಸಬಲ್ಲದು, ಬೇರೆ ಆಧಾರಗಳ ಬೆಂಬಲವಿದ್ದರೆ ಮಾತ್ರ. ಮನುಷ್ಯನ ಶ್ರದ್ಧೆ, ವಿನಯ, ಅರ್ಹತೆಗಳ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. ಶಾಕಟಾಯನರ ತರ್ಕ, ಬುದ್ಧನ ತಿದ್ದುಪಡಿ, ಪತಂಜಲಿಯ ಲಕ್ಷಣ ಮೂರೂ ಈ ಗಡಿಯನ್ನೇ ಕಾಯುತ್ತವೆ. ವ್ಯಾಯಾಮ ಶಾಲೆಯಲ್ಲಾಗಲಿ, ಯೋಗ ತರಗತಿಯಲ್ಲಾಗಲಿ, ದೇವಾಲಯದ ಪಂಕ್ತಿಯಲ್ಲಾಗಲಿ ಬಾಗಲಾರದವರನ್ನು ಕಂಡಾಗ ಅವರ ಸಾಧನೆಯನ್ನು ಅಳೆಯಲು ಹೋಗದೆ ಆಸರೆ ಒದಗಿಸುವುದು ಕಲಿಸುವವರ ಮತ್ತು ಜೊತೆಯವರ ಕರ್ತವ್ಯ. ಬಾಗಬಲ್ಲವರು ಆ ಶಕ್ತಿಯನ್ನು ಉಳಿಸಿಕೊಳ್ಳಲಿ, ಮಕ್ಕಳಿಗೆ ನೆಲದ ಮೇಲೆ ಕೂರುವ ಅಭ್ಯಾಸವನ್ನು ಬಿಡಿಸದಿರಲಿ.